‘ಒನ್ಸ್ ಅಪಾನ್ ಎ ಟೈಮ್’ ಆದ ಮೇಲೆ

ನಾನು ನಿವೃತ್ತನಾದಾಗ ನನಗೆ ಮೂವತ್ತೆರಡು ವರ್ಷ. ಶಾಲು ಹೊದಿಸಲಿಲ್ಲ, ಹಣ್ಣಿನ ಬುಟ್ಟಿ ಕೊಡಲಿಲ್ಲ, ‘ಇವರ ಸೇವೆ ಅನನ್ಯ’ ಎಂದು ಮೈಕಿನ ಮುಂದೆ ಯಾರೂ ಸುಳ್ಳು ಹೇಳಲಿಲ್ಲ. ಆದರೂ ಗಂಟಲು ಕೆಟ್ಟಿದೆ, ತಲೆಯ ಮುಂಭಾಗ ಬರಿದಾಗಿದೆ, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದಕ್ಕೆ ಒಂದು ಕಾರಣ ಹುಡುಕಬೇಕಾಗಿದೆ. ಬೇರೆಯವರು ಅರವತ್ತರವರೆಗೆ ದುಡಿದು ಸಂಪಾದಿಸುವುದನ್ನೆಲ್ಲ ನಾನು ಅವಸರದಲ್ಲಿ ಸಂಪಾದಿಸಿಬಿಟ್ಟಿದ್ದರಿಂದ ನಿವೃತ್ತ ಎಂದು ಕರೆದುಕೊಳ್ಳುವ ಹಕ್ಕು ನನಗಿದೆ.

ತಿಪಟೂರಿನಲ್ಲಿ ಸ್ಪೋಕನ್ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಈಗ ತುರುವೇಕೆರೆಯಲ್ಲಿ ಭಾವನ ಮೊಬೈಲ್ ಅಂಗಡಿಯಲ್ಲಿ ಕೂತು ಫೋನುಗಳಿಗೆ ಗಾಜು ಅಂಟಿಸುತ್ತೇನೆ. ಅಂಗಡಿಗೆ ಬರುವ ಹುಡುಗ ಹುಡುಗಿಯರಲ್ಲಿ ಯಾರಾದರೂ ಗುರುತು ಹಿಡಿದು, “ಸಾರ್, ನೀವು ರೀಲ್ಸಲ್ಲಿ ಬರ್ತಿದ್ರಲ್ವಾ? ನನ್ನೂ ಇಂಗ್ಲಿಷ್ ಮೇಷ್ಟ್ರು ಕೆಲ್ಸಕ್ಕೆ ಕರೆದವ್ರೆ. ಸೇರ್ಕೊಳ್ಳಾ?” ಎಂದು ಕೇಳುತ್ತಾರೆ. ಗಾಜಿನಡಿ ಗಾಳಿಗುಳ್ಳೆ ಉಳಿಯದಂತೆ ಒತ್ತುವಾಗ ಬೇರೆ ಮಾತಾಡಬಾರದೆಂದು ಭಾವನ ಕಟ್ಟಪ್ಪಣೆ. ಹಾಗಾಗಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ಆದ ಮೇಲೂ ಸೇರಬೇಕೆನ್ನಿಸಿದರೆ ಸೇರಿ. ತಡೆಯುವಷ್ಟು ಉತ್ಸಾಹ ನನ್ನಲ್ಲಿ ಉಳಿದಿಲ್ಲ.

ಇಂಗ್ಲಿಷ್ ಬರುತ್ತಿತ್ತು ಎಂದು ನನಗೆ ಆ ಕೆಲಸ ಸಿಗಲಿಲ್ಲ. ಬಿ.ಎ.ಯ ಇಂಗ್ಲಿಷ್ ಪೇಪರು ನನ್ನನ್ನು ಎರಡು ಸಲ ಬಾಗಿಲಿನಿಂದಲೇ ವಾಪಸು ಕಳಿಸಿ, ಮೂರನೆಯ ಸಲ ಬೇಸತ್ತು ಒಳಗೆ ಬಿಟ್ಟುಕೊಂಡಿತ್ತು. ನನಗೆ ಬರುತ್ತಿದ್ದದ್ದು ಅಣಕ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅದು ನನ್ನ ಗಂಟಲೊಳಗೆ ಬಾಡಿಗೆಗೆ ಬಂದು ಕೂತುಬಿಡುತ್ತಿತ್ತು. ಅರಸೀಕೆರೆ ಬಸ್ಸಿನ ಕಂಡಕ್ಟರು, ಕೊಬ್ಬರಿ ಮಂಡಿಯ ಸಾಹುಕಾರರು, ನಮ್ಮ ಸೋದರತ್ತೆ. ಸೋದರತ್ತೆ ನನ್ನೊಡನೆ ಮಾತು ಬಿಟ್ಟದ್ದು ಇದೇ ಕಾರಣಕ್ಕೆ. ಈಗ ಅವರ ಪಾಲಿನ ಮಾತನ್ನೂ ನಾನೇ ಆಡಿಕೊಳ್ಳುತ್ತೇನೆ, ಕೊರತೆ ಕಾಣುವುದಿಲ್ಲ.

ಕ್ಲಾಸು ಇದ್ದದ್ದು ಒಂದು ಮಂಡಿಯ ಮೇಲಿನ ಮಹಡಿಯಲ್ಲಿ. ಕೆಳಗಿನಿಂದ ಕೊಬ್ಬರಿಯ ಎಣ್ಣೆಗಂಪು ಸದಾ ಮೇಲೇರುತ್ತಿತ್ತು. ನಮ್ಮಲ್ಲಿ ಕಲಿತವರು ಎಲ್ಲೇ ಬಾಯಿ ತೆರೆದರೂ ಮೊದಲು ಕೊಬ್ಬರಿ, ಆಮೇಲೆ ಇಂಗ್ಲಿಷ್. ನಡೆಸುತ್ತಿದ್ದವರು ಮಹದೇವಯ್ಯನವರು. ಮೊದಲು ನೀರು ಶುದ್ಧ ಮಾಡುವ ಯಂತ್ರ ಮಾರುತ್ತಿದ್ದರು, ಆಮೇಲೆ ಡೈರೆಕ್ಟರ್ ಆದರು. ನನ್ನನ್ನು ಎದುರು ಕೂರಿಸಿಕೊಂಡು, “ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್” ಎಂದರು. ನನ್ನ ಬಗ್ಗೆ ಇಂಗ್ಲಿಷಿನಲ್ಲಿ ನನಗೇ ಏನೂ ಗೊತ್ತಿರಲಿಲ್ಲ. ಅವರ ಹಾಗೆಯೇ ಗದ್ದ ಎತ್ತಿ, ಅವರದೇ ದನಿಯಲ್ಲಿ, “ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್” ಎಂದು ತಿರುಗಿ ಕೇಳಿದೆ. ಅವರು ಬಹಳ ಹೊತ್ತು ತಮ್ಮ ಬಗ್ಗೆ ಹೇಳಿಕೊಂಡು, ಸಂತೋಷಪಟ್ಟು, ಕೆಲಸ ಕೊಟ್ಟರು.

ಅವರದೊಂದು ಪದ್ಧತಿ ಇತ್ತು. “ಗ್ರಾಮರ್ ಅಂದ್ರೆ ಜನಕ್ಕೆ ಹೊಟ್ಟೆ ತೊಳಸ್ತದೆ ಕಣಯ್ಯಾ ನಂದೀಶ. ಅವರಿಗೆ ಗೊತ್ತಿರೋ ಒಂದೇ ಒಂದು ಪದ ತಗೋ. ಹ್ಯಾಂಡ್. ಹ್ಯಾಂಡ್ ಯಾರಿಗೆ ಗೊತ್ತಿಲ್ಲ? ಅದಕ್ಕೊಂದು ಗೊನೆ ಕಟ್ಟು.”

ಗೊನೆ ಎಂದರೆ ಒಂದು ಪದದ ಸುತ್ತ ಹುಟ್ಟಿಕೊಂಡಿರುವ ದಿನಬಳಕೆಯ ನುಡಿಗಟ್ಟುಗಳು. ಅವನ್ನೆಲ್ಲ ಒಂದೇ ದಿನ ಕಲಿಸಿಬಿಡಬೇಕು. ಸೋಮವಾರ ಹ್ಯಾಂಡ್, ಮಂಗಳವಾರ ಟೈಮ್. ಬುಧವಾರ ಕೊಬ್ಬರಿ ಮಾರುಕಟ್ಟೆ ಇರುವುದರಿಂದ ರಜ. ‘ಲೆಂಡ್ ಎ ಹ್ಯಾಂಡ್’ ಎಂದರೆ ನೆರವಾಗು. ‘ಹ್ಯಾಂಡ್ಸ್ ಆರ್ ಫುಲ್’ ಎಂದರೆ ಪುರುಸೊತ್ತಿಲ್ಲ. ‘ಔಟ್ ಆಫ್ ಹ್ಯಾಂಡ್’ ಎಂದರೆ ಹತೋಟಿ ಮೀರಿದ್ದು. ‘ಮೈ ಹ್ಯಾಂಡ್ಸ್ ಆರ್ ಟೈಡ್’ ಎಂದರೆ ನಾನೇನೂ ಮಾಡುವ ಹಾಗಿಲ್ಲ, ದಯವಿಟ್ಟು ಹೊರಡಿ. ಕನ್ನಡದ ಕೈಗೆ ಇದಕ್ಕಿಂತ ದೊಡ್ಡ ಗೊನೆ ಬಿಟ್ಟಿದೆ. ಕೈ ಹಿಡಿಯುತ್ತೇವೆ, ಕೈ ಕೊಡುತ್ತೇವೆ, ಕೈ ಚೆಲ್ಲುತ್ತೇವೆ. ನಾನು ಹಾಗೆಂದಾಗ ಮಹದೇವಯ್ಯನವರು ನಕ್ಕು, “ಅದನ್ನ ಕಲಿಯೋಕೆ ಯಾರಾದ್ರೂ ಮೆಟ್ಲು ಹತ್ತಿ ಬತ್ತಾರೇನಯ್ಯಾ?” ಎಂದರು.

ನಾನು ಗೊನೆಗಳನ್ನು ದನಿಗಳಿಗೆ ಕಟ್ಟಿದೆ. ‘ಮೈ ಹ್ಯಾಂಡ್ಸ್ ಆರ್ ಟೈಡ್’ ಎನ್ನುವಾಗ ನಾನು ರೇಟು ಬಿದ್ದ ದಿನದ ಮಂಡಿ ಸಾಹುಕಾರ, ಎರಡೂ ಕೈ ಬೆನ್ನ ಹಿಂದೆ. ‘ಆನ್ ದಿ ಅದರ್ ಹ್ಯಾಂಡ್’ ಎನ್ನುವಾಗ ವೇದಿಕೆಯ ಮುಖಂಡ, ಈ ಹೆಗಲಿನ ಟವೆಲ್ಲು ಆ ಹೆಗಲಿಗೆ. ವಿದ್ಯಾರ್ಥಿಗಳು ಬಿದ್ದು ಬಿದ್ದು ನಗುತ್ತಿದ್ದರು, ಕಲಿತದ್ದನ್ನು ಮರೆಯುತ್ತಿರಲಿಲ್ಲ. ಮರೆಯದೆ ಇದ್ದದ್ದೇ ಕಷ್ಟಕ್ಕೆ ಬಂತು. ನಮ್ಮಲ್ಲಿ ಕಲಿತ ಒಬ್ಬ ಹುಡುಗ ಲಾಡ್ಜೊಂದರ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದ. ಉತ್ತರ ಭಾರತದ ಅತಿಥಿಯೊಬ್ಬರು ಮೇಲಿನಿಂದ ಫೋನು ಮಾಡಿ ಬಚ್ಚಲ ನಲ್ಲಿಯಲ್ಲಿ ನೀರು ನಿಂತುಹೋಗಿದೆ ಎಂದರಂತೆ. ಇವನು, “ಸರ್, ಮೈ ಹ್ಯಾಂಡ್ಸ್ ಆರ್ ಟೈಡ್” ಎಂದ. ಅವರು ಕೂಗಾಡಿದರು. ಇವನು ಬಹಳ ವಿನಯದಿಂದ, “ಟೇಕ್ ಯುವರ್ ಟೈಮ್, ಸರ್” ಎಂದ. ಅತಿಥಿ ಮೈತುಂಬ ಸೋಪಿನ ನೊರೆ ಮೆತ್ತಿಕೊಂಡೇ ಕೆಳಗಿಳಿದು ಬಂದರು. ‘ನೀರು ಈಗ ಬಿಡುತ್ತೇನೆ’ ಎನ್ನುವುದನ್ನು ನಾವು ಅವನಿಗೆ ಕಲಿಸಿರಲಿಲ್ಲ, ಅದು ಯಾವ ಗೊನೆಯಲ್ಲೂ ಇರಲಿಲ್ಲ. ಇದನ್ನು ಹೇಳಿದಾಗ ಮಹದೇವಯ್ಯನವರು ಹಿಗ್ಗಿ ಹೀರೇಕಾಯಿಯಾದರು. “ನೋಡ್ದ್ಯಾ? ಒಂದು ತಪ್ಪಿಲ್ಲ!”

ಬಡ್ತಿಗಳ ವಿಷಯ ಬಿಡೋಣ. ಎರಡನೆಯದರಲ್ಲಿ ತಿರುಗುವ ಕುರ್ಚಿ ಸಿಕ್ಕಿತು, ಅದು ತಿರುಗುತ್ತಿರಲಿಲ್ಲ. ಪದ್ಧತಿ ಬದಲಾದದ್ದನ್ನು ಮಾತ್ರ ಹೇಳಬೇಕು. ಮೊದಮೊದಲು ಕರಿಹಲಗೆ, ಸೀಮೆಸುಣ್ಣ, ಎದುರಿಗೆ ಬೆವರುವ ಮನುಷ್ಯರು ಇದ್ದರು. ಆಮೇಲೆ ಫೋನು ಬಂತು. ಒಂದು ಪದದ ಗೊನೆಯನ್ನು ಒಂದು ನಿಮಿಷದ ರೀಲಿನಲ್ಲಿ ಉದುರಿಸಬೇಕು. ಜನ ನನ್ನ ಮಂಡಿ ಸಾಹುಕಾರನನ್ನು ನೋಡಿ ನಗುತ್ತಾರೆ, ಬೆರಳಲ್ಲಿ ಮೇಲಕ್ಕೆ ತಳ್ಳುತ್ತಾರೆ. ಎದುರಿಗೆ ಕೂತವನು ಪಾಠ ಗೊತ್ತಾಗದಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದ. ಫೋನಿಗೆ ಹುಬ್ಬಿಲ್ಲ. ನಾನು ಚೆನ್ನಾಗಿ ಕಲಿಸುತ್ತಿದ್ದೇನೆ ಎಂದು ನನಗೆ ಗಟ್ಟಿ ನಂಬಿಕೆ ಬಂದದ್ದೇ ಆಗ.

ಆ ರೀಲು ನೋಡಿಕೊಂಡೇ ಲೋಕೇಶ ಬಂದದ್ದು. ನೊಣವಿನಕೆರೆ ಕಡೆಯ ತೋಟದವನು, ನನ್ನ ವಾರಿಗೆಯವನು. ಸ್ವಂತ ಲಗೇಜ್ ಆಟೊದಲ್ಲಿ ಸುತ್ತಲಿನ ಊರುಗಳ ಕೊಬ್ಬರಿ ಚೀಲಗಳನ್ನು ಮಂಡಿಗೆ ಸಾಗಿಸುತ್ತಿದ್ದ. ಜೊತೆಗೆ ಹೆಂಡತಿ ಸಾವಿತ್ರಿ, ನಾಲ್ಕು ವರ್ಷದ ಮಗಳು ಇಂಚರ. ಹೆದ್ದಾರಿ ಪಕ್ಕದಲ್ಲಿ ಹೊಸದಾಗಿ ತೆರೆದಿದ್ದ ಇಂಗ್ಲಿಷ್ ಶಾಲೆಯಲ್ಲಿ ಮಗಳಿಗೆ ಸೀಟು ಬೇಕಿತ್ತು. ಅಲ್ಲಿ ಮಗುವಿಗಿಂತ ಮೊದಲು ಅಪ್ಪ ಅಮ್ಮನಿಗೆ ಇಂಗ್ಲಿಷಿನಲ್ಲಿ ಸಂದರ್ಶನ.

“ಮಂಡಿಗೆ ಹೊರಗ್ಲೋರು ಬಂದು ಇಂಗ್ಲಿಷ್ನಾಗೆ ಮಾತಾಡ್ತಾರೆ ಸಾರ್,” ಎಂದ ಲೋಕೇಶ. “ಎಲ್ಲಾರೂ ಏನೋ ಒಂದಂತಾರೆ. ನಾನು ಮಾತ್ರ ನಾನಿಳಿಸಿದ ಮೂಟೆ ಪಕ್ಕ ಇನ್ನೊಂದು ಮೂಟೆ ನಿಂತಂಗೆ ನಿಂತಿರ್ತೀನಿ. ನನ್ ಮಗ್ಳು ಅಂಗೆ ನಿಂತ್ಕಬಾರ್ದು. ಅಷ್ಟೇ ಸಾರ್ ನಂಗೆ ಬೇಕಿರಾದು.”

ಸಾವಿತ್ರಿ ಹುಳಿಯಾರಿನ ಆಚೆ, ಬೋರನಕಣಿವೆ ಹತ್ತಿರದ ಹಟ್ಟಿಯವಳು. ತವರಿನವರು ಕುರಿ ಸಾಕುವವರು. ಅವಳ ಮಾತಿಗೆ ಬ್ರೇಕು ಇರಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಂದ ಹಿಡಿದು ನಮ್ಮ ಕ್ಲಾಸಿನ ಸದ್ದು ಮಾಡುವ ಫ್ಯಾನಿನವರೆಗೆ ಎಲ್ಲಕ್ಕೂ ಒಂದು ಮಾತು, ಒಂದು ಹೋಲಿಕೆ. ಮೊದಲ ದಿನವೇ ಫ್ಯಾನು ನೋಡಿ, “ಇದೇನ್ ಸಾರ್, ಮುದುಕಿ ರಾಗಿ ಬೀಸ್ದಂಗೆ ಬೀಸ್ತದೆ, ಹಿಟ್ಟು ಮಾತ್ರ ಕಾಣಾಕಿಲ್ಲ,” ಎಂದಳು. ಮಡಿಲಲ್ಲಿ ಕೂತಿದ್ದ ಇಂಚರ ಅದೇ ಕ್ಷಣ, ಅದೇ ದನಿಯಲ್ಲಿ, ಅದೇ ರೀತಿ ಕತ್ತು ಕೊಂಕಿಸಿ, “ಹಿಟ್ಟು ಮಾತ್ರ ಕಾಣಾಕಿಲ್ಲ,” ಎಂದಳು. ನಾನು ಬೆಚ್ಚಿದೆ. ನನ್ನ ಜಾತಿಯ ಪ್ರಾಣಿ! ಅಮ್ಮನನ್ನು, ಅಪ್ಪನ ಆಟೊ ಹಾರ್ನನ್ನು, ಅಜ್ಜಿಯ ಕೆಮ್ಮನ್ನು ಆ ಮಗು ಹಾಗ್ಹಾಗೇ ಇಳಿಸುತ್ತಿತ್ತು. ಮೂರನೆಯ ದಿನ ನನ್ನನ್ನೂ ಇಳಿಸಿತು. ಅದರಲ್ಲಿ ನೋಡಿದ ಮೇಲೇ ನಾನು ಮಾತಾಡುವಾಗ ಮೂಗು ಕೆರೆದುಕೊಳ್ಳುತ್ತೇನೆಂದು ನನಗೆ ತಿಳಿದದ್ದು.

ಸಂದರ್ಶನಕ್ಕೆ ಹ್ಯಾಂಡ್ ಗೊನೆ ತಯಾರು ಮಾಡಿಸಿದೆ. ಲೋಕೇಶ ಆಟೊ ಓಡಿಸುತ್ತಲೇ ಬಾಯಿಪಾಠ ಮಾಡಿದ. ಸಂದರ್ಶನ ಮುಗಿದ ಮಾರನೆಯ ದಿನ ಒಂದು ಡಬ್ಬಿ ಮೈಸೂರುಪಾಕು ಹಿಡಿದುಕೊಂಡು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದು, ನಡೆದದ್ದನ್ನೆಲ್ಲ ಅಭಿನಯಿಸಿ ತೋರಿಸಿದ. ಮಗು ಹಟ ಮಾಡಿದರೆ ಏನು ಮಾಡುತ್ತೀರಿ ಎಂದು ಅಲ್ಲಿಯ ಮೇಡಮ್ಮು ಇಂಗ್ಲಿಷಿನಲ್ಲಿ ಕೇಳಿದರಂತೆ. ಇವನು ಎದೆ ಸೆಟೆಸಿ, “ಸಮ್‌ಟೈಮ್ಸ್ ಶಿ ಗೆಟ್ಸ್ ಔಟ್ ಆಫ್ ಹ್ಯಾಂಡ್, ಮ್ಯಾಡಮ್. ಮೈ ಹ್ಯಾಂಡ್ಸ್ ಆರ್ ಫುಲ್. ಆನ್ ದಿ ಅದರ್ ಹ್ಯಾಂಡ್, ಮೈ ವೈಫ್ ಲೆಂಡ್ಸ್ ಎ ಹ್ಯಾಂಡ್,” ಎಂದನಂತೆ. ಹೇಳುವಾಗ ಟವೆಲ್ಲಿಲ್ಲದಿದ್ದರೂ ಹೆಗಲು ಬದಲಾಯಿಸಿದ. ಮಗುವಿನ ಸರದಿ ಬಂದಾಗ ಮೇಡಮ್ಮು, “ವಾಟ್ ಈಸ್ ಯುವರ್ ನೇಮ್, ಸ್ವೀಟಿ?” ಎಂದರು. ಇಂಚರ ಅವರ ಮುಖವನ್ನೇ ನೋಡಿ, ಅವರದೇ ದನಿಯಲ್ಲಿ, “ವಾಟ್ ಈಸ್ ಯುವರ್ ನೇಮ್, ಸ್ವೀಟಿ?” ಎಂದಳು. ಕೋಣೆಯಲ್ಲಿದ್ದವರೆಲ್ಲ ನಕ್ಕು, ಸೀಟು ಕೊಟ್ಟರು.

“ಅಲ್ಲಿ ಒಂದು ಕಂಡೀಸನ್ ಐತೆ ಸಾರ್,” ಎಂದ ಲೋಕೇಶ, ಮೈಸೂರುಪಾಕು ಬಾಯಿಗಿಟ್ಟುಕೊಂಡು. “ಮನೇಲೂ ಇಂಗ್ಲಿಷೇ ಮಾತಾಡ್ಬೇಕಂತೆ. ಒಪ್ಕಂಡು ಬಂದಿದೀವಿ.”

ಅವನ ಹಿಂದೆಯೇ ಬಂದಿದ್ದ ಸಾವಿತ್ರಿ ನಕ್ಕಳು. “ಮಾತಾಡ್ದಂಗೆ ನಟನೆ ಮಾಡಿದ್ರಾಯ್ತು ಬುಡಿ ಸಾರ್. ಅವ್ರೇನು ನಮ್ಮನೆ ಅಟ್ಟದ ಮ್ಯಾಲೆ ಕೂತು ಕೇಳ್ತಾರಾ?”

ಅವಳ ಮಾತು ಸರಿ, ಅಟ್ಟದ ಮೇಲೆ ಯಾರೂ ಕೂರಬೇಕಾಗಿರಲಿಲ್ಲ. ಆ ಶಾಲೆಯಲ್ಲಿ ಬೆಳಿಗ್ಗೆ ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ ನಿಲ್ಲಿಸಿ, ಅಮ್ಮ ಇವತ್ತು ಬೆಳಿಗ್ಗೆ ಏನೆಂದರು ಎಂದು ಮಿಸ್ಸು ಕೇಳುತ್ತಿದ್ದರು. ಬೇರೆ ಮಕ್ಕಳು ‘ಗುಡ್ ಮಾರ್ನಿಂಗ್’ ಎಂದು ಹೇಳಿ ಕೂತವು. ಇಂಚರ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಸಾವಿತ್ರಿಯ ದನಿಯಲ್ಲಿ ಚೂರೂ ಬಿಡದೆ ಒಪ್ಪಿಸಿದಳು: “ಎದ್ದೇಳೇ ನನ್ ಬಂಗಾರಿ, ಸೂರಪ್ಪ ನೆತ್ತಿ ಮ್ಯಾಲ್ ಬಂದವ್ನೆ, ನೀನಿನ್ನೂ ಮಂದೇಲಿ ಕಳ್ದೋದ ಮರಿ ಹಂಗೆ ಕಂಬ್ಳಿಯೊಳ್ಗೆ ಅವಿತ್ಕಂಡಿದೀಯಲ್ಲೇ! ಬಾಲ ಕಾಣ್ತೈತೆ ನೋಡು!” ಕ್ಲಾಸಿಗೆ ಕ್ಲಾಸೇ ನಕ್ಕಿತು. ಮಿಸ್ಸು ನಗಲಿಲ್ಲ. ಮರುದಿನ ಮತ್ತೆ ಕೇಳಿದರು, ಮಗು ಮತ್ತೆ ಒಪ್ಪಿಸಿತು. ಸಂಜೆ ಅಪ್ಪ ಅಮ್ಮನನ್ನು ಕರೆಸಿ, ಹೀಗೇ ಆದರೆ ಮುಂದಿನ ವರ್ಷ ಸೀಟು ಉಳಿಯುವುದು ಕಷ್ಟ ಎಂದರು.

ಸುಳ್ಳು ಹೇಳು ಎಂದು ಆ ಮಗುವಿಗೆ ಕಲಿಸುವಂತಿರಲಿಲ್ಲ. ಅದು ಕೇಳಿದ್ದನ್ನೇ ಹೇಳುತ್ತಿತ್ತು. ಹಾಗಾಗಿ ಲೋಕೇಶ ಕೇಳುವುದನ್ನೇ ಬದಲಾಯಿಸಿದ. ಮಗಳ ಕಿವಿಗೆ ಬೀಳುವಲ್ಲಿ ಮನೆಯೊಳಗೆ ಒಂದು ಕನ್ನಡದ ಮಾತೂ ಕೂಡದು ಎಂದು ಅಪ್ಪಣೆ ಹೊರಡಿಸಿದ. ಇಂಗ್ಲಿಷಿನಲ್ಲಿ ಅವರಿಬ್ಬರ ಹತ್ತಿರ ಇದ್ದದ್ದು ನಾನು ಕೊಟ್ಟ ಗೊನೆಗಳು.

ಒಂದು ಭಾನುವಾರ ಊಟಕ್ಕೆ ಕರೆದರು. ಹೋದೆ. ತೆಂಗಿನ ತೋಟದ ನಡುವೆ ಚೊಕ್ಕ ಮನೆ, ಅಟ್ಟದ ತುಂಬ ಒಣಗಲು ಬಿಟ್ಟ ಕಾಯಿ. ಅಂಗಳದಲ್ಲಿ ಲೋಕೇಶನ ತಾಯಿ ಒಬ್ಬರೇ ಕೂತು ಹಸುವಿನೊಡನೆ ಮಾತಾಡುತ್ತಿದ್ದರು. ನನ್ನನ್ನು ಕಂಡು, “ಬಾರಪ್ಪ ಮೇಷ್ಟ್ರೇ. ಒಳಗೋದ್ರೆ ಬಾಯಿ ಮುಚ್ಕಬೇಕು ಕಣಪ್ಪ, ಅದ್ಕೇ ಇಲ್ಲಿ ಕೂತಿವ್ನಿ. ಈ ನನ್ ಮಗೀನ ಇನ್ನೂ ಇಸ್ಕೂಲಿಗೆ ಸೇರ್ಸಿಲ್ಲ,” ಎಂದು ಹಸುವಿನ ಕೊರಳ ಕೆಳಗಿನ ಗಂಗೆದೊಗಲು ತುರಿಸಿದರು.

ಒಳಗೆ ಲೋಕೇಶ ಕೈ ಚಾಚಿಕೊಂಡು ಎದ್ದು ಬಂದ. “ಲಾಂಗ್ ಟೈಮ್ ನೋ ಸೀ!” ಹಿಂದಿನ ದಿನ ಮಂಡಿಯ ಹತ್ತಿರ ಸಿಕ್ಕಿದ್ದ. ಆಮೇಲೆ ಗೊತ್ತಾಯಿತು, ಪ್ರತಿ ಸಂಜೆ ಅವನು ಆಟೊ ನಿಲ್ಲಿಸಿ ಒಳಗೆ ಬಂದಾಗ ಸಾವಿತ್ರಿಯೂ ಅದನ್ನೇ ಹೇಳಬೇಕು. ಬೆಳಿಗ್ಗೆ ಮಗಳನ್ನು ಎಬ್ಬಿಸಲು, “ಇಟ್ ಈಸ್ ಹೈ ಟೈಮ್.” ಹಾಲು ಕುಡಿಸಲು, “ಟೇಕ್ ಯುವರ್ ಟೈಮ್.” ಬೇಗ ಬೇಗ ಎನ್ನಲು, “ಇನ್ ನೋ ಟೈಮ್.” ಎಲ್ಲ ನನ್ನ ದನಿಯ ಏರಿಳಿತದಲ್ಲೇ. ಒಬ್ಬರೂ ಮೂಗು ಕೆರೆದುಕೊಳ್ಳುವುದನ್ನು ಮರೆಯಲಿಲ್ಲ. ಮೊದಲ ಐದು ನಿಮಿಷ ನನಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಊಟಕ್ಕೆ ಕೂತೆವು. ಸಾವಿತ್ರಿ ಮುದ್ದೆ ಬಡಿಸಿದಳು, ಸಾರು ಬಿಟ್ಟಳು, ಸೌಟು ಹಿಡಿದು ನಿಂತಳು. ಫ್ಯಾನನ್ನೂ ಮಾತಾಡಿಸುತ್ತಿದ್ದ ಹೆಂಗಸು ನನಗೆ ‘ಇನ್ನಷ್ಟು ಹಾಕ್ಲಾ’ ಎಂದು ಕೇಳಲು ಹುಬ್ಬು ಎತ್ತಿ ತೋರಿಸಿದಳು. ಪಕ್ಕದಲ್ಲಿ ಇಂಚರ ತಟ್ಟೆ ನೋಡಿಕೊಂಡು ಸುಮ್ಮನೆ ಉಣ್ಣುತ್ತಿತ್ತು. ನಾನು ಅರಸೀಕೆರೆ ಕಂಡಕ್ಟರನಂತೆ, “ಯಾರ್ರೀ ಅದು ಮುದ್ದೆ ಸ್ಟಾಪು? ಇಳೀರಿ ಇಳೀರಿ!” ಎಂದೆ. ಮಗು ಗಾಬರಿಯಿಂದ ಅಪ್ಪನ ಕಡೆ ನೋಡಿತು.

“ನೋ ಕನ್ನಡ ಸಾರ್, ಪ್ಲೀಸ್,” ಎಂದ ಲೋಕೇಶ ತಗ್ಗಿದ ದನಿಯಲ್ಲಿ. ಅವನ ಮುಖದಲ್ಲಿ ಕೋಪವಿರಲಿಲ್ಲ, ಕೈಮುಗಿಯುವವನ ಅಂಜಿಕೆ ಇತ್ತು. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಮಗಳು ಮೂಟೆಯಂತೆ ನಿಲ್ಲಬಾರದು ಎಂದಷ್ಟೇ ಅವನು ಆಸೆಪಟ್ಟಿದ್ದ. ಆ ಆಸೆಯ ಪಕ್ಕದಲ್ಲೇ ಮಗಳು ಮೂಟೆಯಂತೆ ಕೂತಿದ್ದಳು. ಅದು ಅವನಿಗೆ ಕಾಣುತ್ತಿರಲಿಲ್ಲ, ಕಾಣಿಸುವ ಒಂದು ವಾಕ್ಯ ನನ್ನ ಇಂಗ್ಲಿಷಿನಲ್ಲಿರಲಿಲ್ಲ.

ಮಹದೇವಯ್ಯನವರಿಗೆ ಹೇಳಿದೆ. “ಸಾರ್, ಆ ಮಗು ಮಾತು ಬಿಡ್ತಾ ಇದೆ.” ಅವರು ಹೊಸ ರೀಲಿಗೆ ಕೂದಲು ಬಾಚಿಕೊಳ್ಳುತ್ತಿದ್ದರು. “ಮೂರು ತಿಂಗ್ಳು ಅಂಗೇ ಇರ್ತವೆ ಕಣಯ್ಯಾ. ಒಳಗೊಳಗೇ ಕಲೀತಿರ್ತವೆ. ಆಮೇಲೆ ನೋಡು, ಪಟಪಟ ಅಂತಾವೆ.” ಅವರಿಗೆ ಮಕ್ಕಳಿರಲಿಲ್ಲ. ನನಗೆ ಹೆಂಡತಿಯೇ ಇರಲಿಲ್ಲ. ಇಬ್ಬರು ತಜ್ಞರು ಸೇರಿ ಸಮಾಧಾನಪಟ್ಟುಕೊಂಡೆವು.

ಇನ್ನು ನನ್ನ ಕೊನೆಯ ಪಾಠದ ವಿಷಯ. ಮಧ್ಯಾಹ್ನ ಕ್ಲಾಸು ಖಾಲಿಯಿತ್ತು. ಸಾವಿತ್ರಿ ಮಗಳ ಕೈ ಹಿಡಿದುಕೊಂಡು ಬಂದಳು. ಇಂಚರ ಬಡವಾಗಿತ್ತು. ಜ್ವರ ಬಂದು ಬಿಟ್ಟು ನಾಲ್ಕು ದಿನವಾಗಿತ್ತಂತೆ. ಮಗುವನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ನನ್ನನ್ನು ಬಾಗಿಲ ಹೊರಗೆ ಮೆಟ್ಟಿಲ ಹತ್ತಿರ ಕರೆದು, ಮಗಳ ಕಿವಿಗೆ ಬೀಳದ ಹಾಗೆ ಪಿಸುಗುಟ್ಟಿದಳು. ಬಹಳ ದಿನಗಳಾದ ಮೇಲೆ ಅವಳ ದನಿ ಕೇಳುತ್ತಿದ್ದೆ.

“ಸಾರ್, ಮನೇಲೂ ಮಾತಿಲ್ಲ, ಇಸ್ಕೂಲ್ನಾಗೂ ಮಾತಿಲ್ಲವಂತೆ. ಮಿಸ್ಸು ಎಬ್ಬಿಸಿ ನಿಲ್ಸಿದ್ರೆ ಸುಮ್ಕೆ ನಿಂತಿರ್ತದಂತೆ. ಆ ಜ್ವರದಾಗೆ ಕೆಂಡ ಆಗಿತ್ತು ಮೈ. ನನ್ ಸೆರಗು ಹಿಡ್ಕಂಡು, ‘ಅವ್ವ, ಏನಾರ ಹೇಳು’ ಅಂತು. ಅದೊಂದೇ ಅದು ಆಡಿದ್ ಮಾತು.”

“ನೀವೇನಂದ್ರಿ?”

“ಕತೆ ಹೇಳಾಣ ಅಂತ ಬಾಯಿ ತೆಗ್ದೆ. ‘ಒನ್ಸ್ ಅಪಾನ್ ಎ ಟೈಮ್’ ಅಂದೆ.” ಸಾವಿತ್ರಿ ಒಳಗಿನ ಬೆಂಚಿನತ್ತ ಇಣುಕಿ ನೋಡಿದಳು. “ಮಗು ಕಾಯ್ತಾ ಇತ್ತು ಸಾರ್. ಕಣ್ಣು ಬಿಟ್ಕಂಡು ನನ್ ಬಾಯೇ ನೋಡ್ತಾ ಇತ್ತು. ಅದಾದ್ಮ್ಯಾಲೆ ಏನಂತಾರೆ ಅಂತ ನಂಗೆ ಗೊತ್ತಿಲ್ವಲ್ಲ. ಮತ್ತೆ ‘ಒನ್ಸ್ ಅಪಾನ್ ಎ ಟೈಮ್’ ಅಂದೆ. ಅದು ಮಗ್ಗುಲು ತಿರುಗಿಸ್ಕಂಡು ಮಲಿಕ್ಕಂತು.”

“ಕನ್ನಡದಲ್ಲೇ ಹೇಳ್ಬೇಕಿತ್ತು ಸಾವಿತ್ರಮ್ಮ! ಜ್ವರ ಬಂದ ಮಗೀಗೆ ಯಾವ ಇಂಗ್ಲಿಷು?”

“ಹೇಳ್ದೆ ಅಂತಾನೇ ಇಟ್ಕಳಿ. ಅದು ವಾಸಿಯಾಗಿ ಹೋಗಿ, ಮಿಸ್ಸು ಮುಂದೆ ನಿಂತ್ಕಂಡು ಅದನ್ನೇ ಒಪ್ಪಿಸಿದ್ರೆ? ಸೀಟು ಹೋಗ್ತದೆ. ಇವ್ರು ಹಗ್ಲೆಲ್ಲಾ ಚೀಲ ಹೊರ್ತಾರೆ, ಅದೊಂದ್ ಆಸೆ ಇಟ್ಕಂಡವ್ರೆ. ನನ್ ಬಾಯಿಂದ ಹೋಯ್ತು ಅಂದ್ರೆ ನಾನೆಂಗ್ ಬಾಳ್ಲಿ?” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಅದ್ಕೇ ಬಂದಿವ್ನಿ ಸಾರ್. ಜ್ವರ ಬಂದಾಗ ಮಕ್ಳಿಗೆ ಏನಂತಾರೆ ಇಂಗ್ಲಿಷ್ನಾಗೆ? ಅದನ್ನೊಂದು ಹೇಳ್ಕೊಡಿ. ಬಾಯಿಪಾಠ ಮಾಡ್ಕಂತೀನಿ.”

ನಾನು ಒಳಗೆ ಹೋಗಿ ಸೀಮೆಸುಣ್ಣ ಎತ್ತಿಕೊಂಡೆ. ಹಲಗೆಯ ಮುಂದೆ ನಿಂತೆ. ‘ಡೋಂಟ್ ವರಿ’ ಎಂದು ಬರೆದೆ. ಅದು ಬಸ್ಸು ತಪ್ಪಿದವನಿಗೆ ಹೇಳುವ ಮಾತು. ಒರೆಸಿದೆ. ‘ಗೆಟ್ ವೆಲ್ ಸೂನ್’ ಎಂದು ಬರೆದೆ. ಅದು ಹೂಗುಚ್ಛದ ಮೇಲಿನ ಚೀಟಿ. ಒರೆಸಿದೆ. ಹ್ಯಾಂಡಿನ ಗೊನೆ, ಟೈಮಿನ ಗೊನೆ, ಹೆಡ್ಡು, ಹಾರ್ಟು, ಐ, ಬ್ರೇಕು, ಎಲ್ಲವನ್ನೂ ಮನಸ್ಸಿನಲ್ಲೇ ಇಳಿಸಿ ಅಲ್ಲಾಡಿಸಿ ನೋಡಿದೆ. ಜ್ವರದ ಮಗುವಿನ ಹಣೆ ಸವರುತ್ತಾ ಹೇಳುವಂಥದ್ದು ಒಂದೂ ಇರಲಿಲ್ಲ. ಇಂಗ್ಲಿಷಿನಲ್ಲಿ ಅಂಥ ಮಾತುಗಳು ಇಲ್ಲವೆಂದಲ್ಲ, ಇದ್ದೇ ಇರುತ್ತವೆ. ಎಲ್ಲೋ ಯಾವುದೋ ತಾಯಿ ಇಂಗ್ಲಿಷಿನಲ್ಲೇ ತನ್ನ ಮಗುವನ್ನು ಸಂಬಾಳಿಸುತ್ತಿರುತ್ತಾಳೆ. ಆದರೆ ಅಣಕಿಸುವವನು ಕೇಳಿದ್ದನ್ನಷ್ಟೇ ಹೇಳಬಲ್ಲ. ಅಂಥ ತಾಯಿಯ ದನಿಯನ್ನು ನಾನು ಜೀವಮಾನದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

“ಇಲ್ವಾ ಸಾರ್?” ಎಂದಳು ಸಾವಿತ್ರಿ ಬಾಗಿಲಿನಿಂದ.

ನಾನು ನನಗೆ ಬರುವ ಒಂದೇ ಕೆಲಸಕ್ಕೆ ಕೈಹಾಕಿದೆ. ಇಂಚರಳ ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮಂಡಿ ಸಾಹುಕಾರನಾದೆ. ಮಗು ನೋಡಲಿಲ್ಲ. ಮಹದೇವಯ್ಯನಾದೆ, ಅಜ್ಜಿಯ ಕೆಮ್ಮಾದೆ, ಅವಳಪ್ಪನ ಆಟೊ ಹಾರ್ನಾದೆ. ಅದು ಡೆಸ್ಕಿನ ಮೇಲಿನ ಗೀರುಗಳನ್ನು ಬೆರಳಿನಿಂದ ಸವರುತ್ತಾ ಕೂತಿತ್ತು. ಕೊನೆಗೆ, ತಡೆಯಲಾಗದೆ, ಸಾವಿತ್ರಿಯಾದೆ.

“ಎದ್ದೇಳೇ ನನ್ ಬಂಗಾರಿ,” ಎಂದೆ. “ಸೂರಪ್ಪ ನೆತ್ತಿ ಮ್ಯಾಲ್ ಬಂದವ್ನೆ, ನೀನಿನ್ನೂ ಮಂದೇಲಿ ಕಳ್ದೋದ ಮರಿ ಹಂಗೆ...”

ಮಗುವಿನ ಬೆರಳು ನಿಂತಿತು. ತಲೆ ಎತ್ತಿ ನನ್ನ ಬಾಯಿಯನ್ನು ನೋಡಿತು. ಅವ್ವನ ದನಿ ಬರುತ್ತಿದ್ದದ್ದು ನನ್ನ ಬಾಯಿಂದ. ಅದು ತಿರುಗಿ ಬಾಗಿಲಲ್ಲಿ ನಿಂತ ಅವ್ವನ ಬಾಯಿಯನ್ನು ನೋಡಿತು, ಆ ಬಾಯಿ ಮುಚ್ಚಿತ್ತು. ಮತ್ತೆ ನನ್ನ ಕಡೆ ತಿರುಗಿ, ಬೆಂಚಿನಿಂದ ಇಳಿದು, ಹತ್ತಿರ ಬಂದು, ತನ್ನ ಪುಟ್ಟ ಅಂಗೈಯನ್ನು ನನ್ನ ಬಾಯಿಯ ಮೇಲಿಟ್ಟು ಒತ್ತಿತು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಹುಬ್ಬು ಏರಿಸಿ, ನಾನು ಎಂದೂ ನೋಡಿರದ, ಆದರೆ ನೋಡಿದಷ್ಟೇ ಸ್ಪಷ್ಟವಾದ ಒಬ್ಬ ಮಿಸ್ಸಿನ ದನಿಯಲ್ಲಿ ಹೇಳಿತು:

“ನೋ, ನೋ, ನೋ. ಸ್ಪೀಕ್ ಇನ್ ಇಂಗ್ಲಿಷ್, ಪ್ಲೀಸ್.”

ನನ್ನ ಹತ್ತು ವರ್ಷದ ವಿದ್ಯೆಯಲ್ಲಿ ಅಷ್ಟು ನಿಖರವಾದ ಅಣಕವನ್ನು ನಾನು ಮಾಡಿಲ್ಲ. ಆದರೆ ಆ ಮಗು ಅಣಕಿಸುತ್ತಿರಲಿಲ್ಲ. ಅದರ ಕಣ್ಣಲ್ಲಿ ತುಂಟತನದ ಒಂದು ಹನಿಯೂ ಇರಲಿಲ್ಲ.

ಬಾಗಿಲಲ್ಲಿ ಸಾವಿತ್ರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಓಡಿಬಂದು ಮಗಳನ್ನು ಎತ್ತಿ ಎದೆಗೊತ್ತಿಕೊಂಡಳು. “ಮಾತಾಡ್ತು ಸಾರ್! ಕೇಳಿಸ್ಕಂಡ್ರಾ? ಎಷ್ಟ್ ಚೆಂದಾಗಂತು! ಇವ್ರಿಗೆ ಈಗ್ಲೇ ಫೋನ್ ಮಾಡ್ಬೇಕು!” ಎಂದು ಪಿಸುಗುಟ್ಟುವುದನ್ನೂ ಮರೆತು ಕೂಗಿದಳು. ಇಂಚರ ಅವ್ವನ ಬಾಯಿಯ ಮೇಲೂ ಅಂಗೈ ಇಟ್ಟಿತು.

ಆಮೇಲೆ, ಮಗಳ ಅಂಗೈ ಸರಿಸಿ, ನೆಟ್ಟಗೆ ನಿಂತು, ಒಂದೊಂದೇ ಪದವನ್ನು ಜೋಪಾನವಾಗಿ ಇಳಿಸುತ್ತಾ, “ಸ್ಪೀಕ್, ಇನ್, ಇಂಗ್ಲಿಷ್, ಪ್ಲೀಸ್,” ಎಂದಳು. ಹುಬ್ಬನ್ನೂ ಏರಿಸಿದಳು. ಕೊಬ್ಬರಿಯ ಗಂಪು ಕೆಳಗಿನಿಂದ ಬರುತ್ತಿತ್ತು, ಹಮಾಲರು ಏನೋ ಹೇಳಿ ನಗುತ್ತಿದ್ದರು. ಅವಳು ನನ್ನತ್ತ ತಿರುಗಿದಳು. ಕಣ್ಣಿನ್ನೂ ಒದ್ದೆಯಿತ್ತು.

“ಸರಿಯಾಗಂದ್ನಾ ಸಾರ್?”

“ಸರಿಯಾಗಿದೆ,” ಎಂದೆ. ಸರಿಯಾಗಿಯೇ ಇತ್ತು. ಮರುದಿನದಿಂದ ನಾನು ಆ ಮೆಟ್ಟಿಲು ಹತ್ತಲಿಲ್ಲ.